ಸವೆದ ಹರಳು

ಚಿನ್ನದ ವಿಷಯದಲ್ಲಿ ನಮ್ಮ ಜನ ನಿಶ್ಚಿಂತರು. ಸರ ತುಂಡಾದರೆ ಬೆಸೆಯಿಸುತ್ತಾರೆ. ಬಳೆ ನೆಗ್ಗಿದರೆ ತಟ್ಟಿಸಿ ನೇರ ಮಾಡಿಸುತ್ತಾರೆ. ಅಡ್ಡಿಕೆ ಸವೆದು ಹಗುರಾದರೆ ಅದನ್ನು ಕರಗಿಸಿ, ಮೇಲೆ ನಾಲ್ಕಾರು ಗುಲಗಂಜಿ ತೂಕದ ಹೊಸ ಚಿನ್ನ ಕೂಡಿಸಿ, ಬೇರೊಂದು ಒಡವೆಯನ್ನೇ ಮಾಡಿಸಿಬಿಡುತ್ತಾರೆ. ಅಜ್ಜಿಯ ಕೊರಳಿನ ಚಿನ್ನ ಮೊಮ್ಮಗಳ ಕೊರಳನ್ನು ಸೇರುವ ವೇಳೆಗೆ ಎರಡು ಮೂರು ಜನ್ಮಗಳನ್ನೆತ್ತಿರುತ್ತದೆ. ಹರಳಿಗೆ ಆ ಭಾಗ್ಯವಿಲ್ಲ. ಅದು ಭೂಗರ್ಭದಲ್ಲಿ ಒಮ್ಮೆ ಹುಟ್ಟಿತು, ಒಮ್ಮೆ ಸಾಣೆಗೆ ಸಿಕ್ಕಿ ರೂಪ ತಾಳಿತು. ಮುಂದೆ ಅದರ ಮೇಲೆ ಬಿದ್ದ ಗೀರಾಗಲಿ ಮುಕ್ಕಾಗಲಿ ಹಾಗೆಯೇ ಉಳಿಯತಕ್ಕದ್ದು. ಹೋಗಲಾಡಿಸಬೇಕೆಂದರೆ ಇರುವ ಮಾರ್ಗ ಒಂದೇ: ಗೀರು ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳದವರೆಗೆ ಹರಳನ್ನೇ ತೇಯ್ದು ತೆಗೆಯುವುದು. ಅಕ್ಕಸಾಲಿಗನ ಲೆಕ್ಕದಲ್ಲಿ ಕೂಡುವುದೂ ಉಂಟು, ಕಳೆಯುವುದೂ ಉಂಟು. ಸಾಣೆಗಾರನ ಲೆಕ್ಕದಲ್ಲಿ ಕಳೆಯುವುದೊಂದೇ.

ಇದು ನನಗೆ ಮನವರಿಕೆಯಾದದ್ದು ಪುಸ್ತಕದಿಂದಲ್ಲ, ನಮ್ಮ ಅಜ್ಜಿಯ ಉಂಗುರದಿಂದ. ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆ ಮದುವೆಯಾಗಿ ಬಂದಾಗ ಅತ್ತೆಯಾದವರು ತಮ್ಮ ಕೈಯಿಂದ ತೆಗೆದು ತೊಡಿಸಿದ ಉಂಗುರ ಅದು. ನಡುವೆ ಅವರೆಕಾಳಿನಷ್ಟು ದೊಡ್ಡ ಕೆಂಪು. ಅದನ್ನು ನಾಲ್ಕು ಕಡೆಯಿಂದ ಹಿಡಿದುಕೊಂಡಿರುವ, ಉಗುರಿನಂಥ ಚಿನ್ನದ ಮೊನೆಗಳು. ‘ಬರ್ಮಾ ಕೆಂಪು’ ಎಂದು ಮನೆಯಲ್ಲಿ ಅದರ ಹೆಸರು. ಅಜ್ಜಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೆ ಮಾತ್ರ ತೆಗೆಯುವವಳಾಗಿರಲಿಲ್ಲ. ಒರಳು ತಿರುವುವಾಗ, ರಾಗಿ ಬೀಸುವಾಗ, ಬೂದಿಗೆ ಸಣ್ಣ ಮರಳು ಬೆರೆಸಿ ಕೊಳದಪ್ಪಲೆ ತಿಕ್ಕುವಾಗ, ಬೆಳಗಿನ ಜಾವದಲ್ಲಿ ಅಂಗಳಕ್ಕೆ ರಂಗೋಲಿ ಬಿಡುವಾಗ, ಯಾವಾಗಲೂ ಉಂಗುರ ಬೆರಳಲ್ಲಿಯೇ. ಆಕೆ ತೀರಿಕೊಂಡ ಮೇಲೆ ಅದು ನಮ್ಮ ತಾಯಿಯ ಪಾಲಿಗೆ ಬಂತು. ಈಚೆಗೆ ಅಕ್ಕನ ಮಗಳ ಮದುವೆ ಗೊತ್ತಾದಾಗ ಅಮ್ಮ ಆ ಉಂಗುರವನ್ನು ಮೊಮ್ಮಗಳಿಗೆ ಕೊಡುವುದೆಂದು ನಿಶ್ಚಯಿಸಿದಳು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದೇನಮ್ಮ, ಕಲ್ಲಿಗೆ ಪೊರೆ ಬಂದ ಹಾಗಿದೆಯಲ್ಲ! ಸಾಣೆ ಹಿಡಿಸಿಯಾದರೂ ಕೊಡೋಣ” ಎಂದಳು. ಅಕ್ಕನ ಮಾತು ಸುಳ್ಳಲ್ಲ. ಹರಳಿನ ಮುಖಗಳು ಕೂಡುವ ಅಂಚುಗಳೆಲ್ಲ ಮೊಂಡಾಗಿದ್ದವು. ಮೇಲ್ಮುಖ ಉಸಿರು ಬಿಟ್ಟ ಕನ್ನಡಿಯಂತೆ ಮಬ್ಬಾಗಿತ್ತು. ಒಂದು ಮೂಲೆಯಲ್ಲಿ ಎಳ್ಳುಕಾಳಿನಷ್ಟು ಮುಕ್ಕು. ರಿಪೇರಿ ಮಾಡಿಸುವ ಕೆಲಸ ನನ್ನ ತಲೆಗೆ ಬಂತು.

ಊರಿನ ಆಚಾರ್ರು ಉಂಗುರವನ್ನು ಕಣ್ಣಿಗೆ ಹಿಡಿಯುವುದಕ್ಕೆ ಮೊದಲು ಕಿವಿಗೆ ಹಿಡಿದರು, ಮೆಲ್ಲಗೆ ಅಲ್ಲಾಡಿಸಿದರು. “ಕೇಳಿಸಿತೇ ಸ್ವಾಮಿ? ಕಲ್ಲು ಮಾತಾಡುತ್ತಿದೆ. ಎರಡು ಉಗುರು ಸವೆದು ಕಾಗದದ ಹಾಗಾಗಿವೆ. ಇನ್ನು ಆರು ತಿಂಗಳು ತೊಟ್ಟಿದ್ದರೆ ಯಾವುದೋ ಬಚ್ಚಲಲ್ಲಿ ಹೋಗುತ್ತಿತ್ತು. ಇದನ್ನು ನಾನು ಕಟ್ಟಿಕೊಡುತ್ತೇನೆ. ಆದರೆ ಕಲ್ಲಿನ ಮೈ ನನ್ನ ಕೆಲಸವಲ್ಲ, ಬೆಂಗಳೂರಿನಲ್ಲಿ ಬಲ್ಲವರಿಗೆ ತೋರಿಸಿ” ಎಂದರು. ತನ್ನ ಕೆಲಸದ ಮೇರೆ ತನಗೆ ಗೊತ್ತಿರುವ ಕುಶಲಿಯನ್ನು ಕಂಡರೆ ನನಗೆ ಗೌರವ.

ಬೆಂಗಳೂರಿಗೆ ಹೊರಡುವಾಗ ಅಮ್ಮ, “ಹೋಗುವುದು ಹೇಗೂ ಹೋಗುತ್ತೀ, ಇವನ್ನೂ ತೋರಿಸಿಕೊಂಡು ಬಾ” ಎಂದು ಇನ್ನೂ ಮೂರು ಒಡವೆಗಳನ್ನು ತಗಡಿನ ಡಬ್ಬಿಗೆ ಹಾಕಿದಳು: ಒಂದೆಳೆ ಮುತ್ತಿನ ಸರ, ಪಚ್ಚೆಯ ಒಂದು ಜೊತೆ ಲೋಲಾಕು, ಕೆಂಪು ಕೂರಿಸಿದ ಜಡೆಬಿಲ್ಲೆ. ಚಿಕ್ಕಪೇಟೆಯ ಒಂದು ಮಹಡಿಯ ಮೇಲೆ, ಮೂರು ತಲೆಮಾರಿನಿಂದ ಹರಳಿನ ವ್ಯವಹಾರ ನಡೆಸುತ್ತಿರುವ ವೃದ್ಧರೊಬ್ಬರ ಮುಂದೆ ನಾನು ಡಬ್ಬಿ ತೆರೆದಾಗ ಅವರು ಮೊದಲು ಗದರಿಸಿದ್ದು ಡಬ್ಬಿಯನ್ನು ಕುರಿತು. ಎಲ್ಲ ಹರಳುಗಳನ್ನೂ ಒಂದೇ ಗೂಡಿಗೆ ತಳ್ಳಬಹುದೇ? ಕೆಂಪು ಪಚ್ಚೆಯನ್ನು ಗೀರುತ್ತದೆ, ಪಚ್ಚೆ ಮುತ್ತನ್ನು ಗೀರುತ್ತದೆ. ವಜ್ರವೊಂದಿದ್ದರಂತೂ ಅದು ಎಲ್ಲವನ್ನೂ ಗೀರಿ, ಪಕ್ಕದಲ್ಲಿ ಇನ್ನೊಂದು ವಜ್ರವಿದ್ದರೆ ಅದನ್ನೂ ಬಿಡುವುದಿಲ್ಲ. ಒಂದೇ ಪೊಟ್ಟಣದಲ್ಲಿ ಉಜ್ಜಾಡಿ ಅಂಚು ಕೆಟ್ಟ ವಜ್ರಗಳನ್ನು ಅವರು ಕಂಡಿದ್ದರು. ಒಂದೊಂದಕ್ಕೆ ಒಂದೊಂದು ಮೆತ್ತನೆಯ ಬಟ್ಟೆಯ ಚೀಲ, ಇಷ್ಟೇ ಬೇಕಾದದ್ದು.

ಕಲ್ಲುಗಳ ಈ ಜಾತಿಭೇದವನ್ನು ಜರ್ಮನಿಯ ಫ್ರೆಡರಿಕ್ ಮೋಸ್ 1812ರಲ್ಲಿ ಒಂದು ಕ್ರಮಕ್ಕೆ ತಂದನು. ಹತ್ತು ಮೆಟ್ಟಿಲ ಏಣಿ ಅದು. ಉಗುರಿನಿಂದ ಗೀರಬಹುದಾದ ಬಳಪದ ಕಲ್ಲು ಮೊದಲನೆಯ ಮೆಟ್ಟಿಲಲ್ಲಿ, ವಜ್ರ ಹತ್ತನೆಯದರಲ್ಲಿ. ಮೇಲಿನದು ಕೆಳಗಿನದನ್ನು ಗೀರುತ್ತದೆ, ಕೆಳಗಿನದು ಮೇಲಿನದನ್ನು ಗೀರಲಾರದು. ಮೆಟ್ಟಿಲುಗಳ ಎತ್ತರ ಒಂದೇ ಸಮನಲ್ಲ. ಒಂಬತ್ತಕ್ಕೂ ಹತ್ತಕ್ಕೂ ನಡುವಿನ ಅಂತರ ಕೆಳಗಿನ ಯಾವ ಎರಡು ಮೆಟ್ಟಿಲುಗಳ ಅಂತರಕ್ಕಿಂತಲೂ ಬಹಳ ದೊಡ್ಡದು. ಕೆಂಪು, ನೀಲ ಎರಡೂ ಒಂಬತ್ತರಲ್ಲಿವೆ. ಪಚ್ಚೆ ಏಳೂವರೆ ಎಂಟರಲ್ಲಿ. ಹವಳ ಮೂರು ನಾಲ್ಕರಲ್ಲಿ. ಮುತ್ತು ಇನ್ನೂ ಕೆಳಗಿಳಿಯುವುದುಂಟು. ನಿತ್ಯಜೀವನಕ್ಕೆ ಮುಖ್ಯವಾದ ಮೆಟ್ಟಿಲೆಂದರೆ ಏಳನೆಯದು. ಅಲ್ಲಿ ಕುಳಿತಿರುವುದು ಬೆಣಚುಕಲ್ಲು. ಬೆಣಚುಕಲ್ಲು ಎಲ್ಲಿಲ್ಲ? ಮರಳೆಂದರೆ ಬಹುಪಾಲು ಅದೇ. ನಮ್ಮ ಒರಳಿನ, ಬೀಸುವ ಕಲ್ಲಿನ ಮೈಯಲ್ಲಿ ಅದೇ. ಕಿಟಕಿಯಿಂದ ಬಂದು ಮೇಜಿನ ಮೇಲೆ ಕೂರುವ ಧೂಳಿನಲ್ಲಿಯೂ ಅದರ ಕಣ್ಣಿಗೆ ಕಾಣದ ಕಣಗಳಿವೆ. ಏಳಕ್ಕಿಂತ ಕೆಳಗಿನ ಹರಳಿನ ಧೂಳನ್ನು ಸೆರಗಿನಿಂದ ಒರಸಿದ ಗೃಹಿಣಿ ಅದನ್ನು ಶುಚಿ ಮಾಡಿದೆನೆಂದುಕೊಳ್ಳುತ್ತಾಳೆ. ನಿಜವಾಗಿ ನೋಡಿದರೆ ಸಾಣೆಕಲ್ಲಿನಿಂದ ಉಜ್ಜಿರುತ್ತಾಳೆ. ಮೊದಲು ನೀರಿನಲ್ಲಿ ತೊಳೆದು ಧೂಳು ಹೋದಮೇಲೆ ಒರಸುವುದು ಕ್ರಮ.

ಗಡಸಾದದ್ದು ಗಟ್ಟಿಯಾಗಿಯೂ ಇರಬೇಕೆಂಬುದು ಇನ್ನೊಂದು ಭ್ರಮೆ. ವಜ್ರವನ್ನು ಅಡಿಗಲ್ಲಿನ ಮೇಲಿಟ್ಟು ಬಡಿದರೆ ಸುತ್ತಿಗೆಯೇ ಒಡೆಯುತ್ತದೆಂದು ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಪ್ಲಿನಿ ಬರೆದಿಟ್ಟನು. ಇದನ್ನು ನಂಬಿ ಪರೀಕ್ಷೆಗೆ ಇಳಿದವರ ವಜ್ರ ಪುಡಿಯಾಗದೆ ಉಳಿಯುವಂತಿರಲಿಲ್ಲ. ವಜ್ರದ ಒಡಲಲ್ಲಿ ಸೌದೆಯ ಎಳೆಯಂತೆ ಸೀಳುವ ದಿಕ್ಕುಗಳಿವೆ. ಆ ದಿಕ್ಕಿಗೆ ಸರಿಯಾಗಿ ಪೆಟ್ಟು ಬಿದ್ದರೆ ಅದು ಎರಡಾಗುತ್ತದೆ. ಬಚ್ಚಲಿನ ಕಲ್ಲುಚಪ್ಪಡಿಯ ಮೇಲೆ ಬೀಳುವ ಓಲೆಗೆ ಪ್ಲಿನಿಯ ರಕ್ಷಣೆ ಏನೂ ಇಲ್ಲ.

ವೃದ್ಧರು ಒಂದೊಂದಾಗಿ ಒಡವೆಗಳನ್ನು ಕೈಗೆತ್ತಿಕೊಂಡರು. ಮುತ್ತಿನ ಸರದಲ್ಲಿ ಹೆಡಕಿಗೆ ತಗಲುವ ಮುತ್ತುಗಳು ಕಂದಿದ್ದವು. ಬೆವರು, ತಲೆಗೆ ಹಚ್ಚಿದ ಎಣ್ಣೆ, ಅತ್ತರು ಇವುಗಳ ಕೆಲಸ. ಮುತ್ತಿನ ಮೈ ಸುಣ್ಣದ ಜಾತಿ. ಹುಳಿಯ ಸ್ಪರ್ಶ ಅದಕ್ಕಾಗದು. ಸಮುದ್ರದ ಹಳೆಯ ಮುತ್ತುಗಳು ಈರುಳ್ಳಿಯಂತೆ ಪದರ ಪದರವಾಗಿರುವುದರಿಂದ, ಕೆಟ್ಟ ಮೇಲ್ಪದರವನ್ನು ಬಿಡಿಸಿ ಒಳಗಿನ ಹೊಳಪನ್ನು ಹೊರತೆಗೆಯುವ ಕುಶಲಿಗಳು ಹಿಂದೆ ಇದ್ದರು. ಒಳಗೆ ಇನ್ನೂ ಚೆಲುವಾದ ಪದರವಿರಬಹುದು, ಏನೂ ಇಲ್ಲದೆಯೂ ಇರಬಹುದು, ಜೂಜಿನಂಥ ವಿದ್ಯೆ. ಈಗಿನ ಸಾಕುಮುತ್ತುಗಳ ಮೇಲೆ ಈ ಜೂಜೂ ನಡೆಯದು. ಅವುಗಳಲ್ಲಿ ಅನೇಕವು ಚಿಪ್ಪಿನ ಗುಂಡಿನ ಮೇಲೆ ಬೆಳೆದ ತೆಳುವಾದ ಹೊದಿಕೆ ಮಾತ್ರ. “ದಾರ ಬದಲಾಯಿಸಿ, ಮುತ್ತು ಮುತ್ತಿನ ನಡುವೆ ಗಂಟು ಹಾಕಿಸಿ, ಬೇರೇನೂ ಮಾಡಬೇಡಿ” ಎಂದು ಸರವನ್ನು ಬದಿಗಿಟ್ಟರು.

ಪಚ್ಚೆಯ ಲೋಲಾಕುಗಳ ಕಥೆ ಬೇರೆ. ಹೋದ ವರ್ಷದವರೆಗೆ ತಿಳಿಯಾಗಿದ್ದ ಹರಳುಗಳಲ್ಲಿ ಈಗ ಬಲೆ ಬಲೆಯಾದ ಬಿರುಕುಗಳು ಕಾಣುತ್ತಿದ್ದವು. ಅಮ್ಮ ಅವನ್ನು ಕುದಿನೀರಿಗೆ ಸೋಪಿನ ಪುಡಿ ಹಾಕಿ ನೆನೆಸಿದ್ದು ನನಗೆ ಗೊತ್ತಿತ್ತು; ಒಪ್ಪಿಕೊಂಡೆ. ಪಚ್ಚೆಗೆ ಬಿರುಕು ಹುಟ್ಟಿನಿಂದಲೇ ಬರುತ್ತದೆ. ಹರಳುಗಳ ಇಂಥ ಹುಟ್ಟುದೋಷಗಳನ್ನು ನಮ್ಮ ಪೂರ್ವಿಕರು ಕಂಡು ಹೆಸರಿಟ್ಟಿದ್ದರು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳಿಗೆ ಬೇರೆ ಬೇರೆ ಅಧ್ಯಾಯಗಳೇ ಇವೆ. ವಜ್ರದ ಕಲೆಗಳಿಗೆ ಕಾಗೆಯ ಕಾಲು, ನೊಣ, ಕೂದಲು ಎಂಬ ಚಿತ್ರವತ್ತಾದ ಹೆಸರುಗಳಿವೆ. ಪಚ್ಚೆಯ ಬಿರುಕುಗಳನ್ನು ವರ್ತಕರು ದೇವದಾರು ಜಾತಿಯ ಮರದ ಎಣ್ಣೆಯಿಂದಲೋ ಬೇರೆ ಬಗೆಯ ಅಂಟಿನಿಂದಲೋ ತುಂಬುತ್ತಾರೆ. ಇದು ಬಹು ಕಾಲದಿಂದ ನಡೆದುಬಂದ ರೂಢಿ. ಹೇಳಿ ಮಾಡಿದರೆ ಮೋಸವೆನ್ನಲಾಗದು. ಬಿಸಿನೀರು ಆ ಎಣ್ಣೆಯನ್ನು ಹೊರಗೆಳೆದಿತ್ತು. ಹರಳು ಕೆಟ್ಟಿರಲಿಲ್ಲ, ಅದರ ಬಿರುಕು ಬಯಲಾಗಿತ್ತು, ಅಷ್ಟೆ. ಮತ್ತೆ ಎಣ್ಣೆ ಹಿಡಿಸಬಹುದು. ಇದಕ್ಕಿಂತ ಕೇಡಿನದು ಈಚಿನ ವರ್ಷಗಳಲ್ಲಿ ಪೇಟೆಗೆ ಬಂದಿರುವ, ಸೀಸದ ಗಾಜು ತುಂಬಿದ ಕೆಂಪು. ಅದನ್ನು ಅಕ್ಕಸಾಲಿಗನ ಉರಿಗೆ ಹಿಡಿದರೆ ಗಾಜು ಕರಗುತ್ತದೆ. ನಿಂಬೆಯ ಹುಳಿ ತಗುಲಿದರೂ ಕೊರೆದುಹೋಗುತ್ತದೆ. ನಿಂಬೆಹಣ್ಣಿನಿಂದ ಒಡವೆ ತೊಳೆಯುವ ನಮ್ಮ ಮನೆಗಳಲ್ಲಿ ಅದು ಎಷ್ಟು ದಿನ ಬಾಳೀತು!

ಜಡೆಬಿಲ್ಲೆಯ ಕೆಂಪುಗಳಲ್ಲಿ ಅರ್ಧದಷ್ಟು ಕಪ್ಪಾಗಿದ್ದವು. ನಾನು ಅವು ಸತ್ತೇ ಹೋದುವೆಂದು ಭಾವಿಸಿದ್ದೆ. ವೃದ್ಧರು ನಕ್ಕರು. ತಳ ಮುಚ್ಚಿದ ಹಳೆಯ ಕಟ್ಟಿನಲ್ಲಿ ಹರಳಿನ ಕೆಳಗೆ ಅರಗು, ಅರಗಿನ ಮೇಲೆ ಹೊಳೆಯುವ ಬೇಗಡೆ. ಬೆಳಕು ಹರಳನ್ನು ಹೊಕ್ಕು ಬೇಗಡೆಗೆ ತಾಗಿ ಹಿಂದಿರುಗಿ ಬಂದಾಗ ನಮಗೆ ಕೆಂಪು ಉರಿಯುವಂತೆ ಕಾಣುತ್ತದೆ. ತಲೆಗೆ ಎರೆದುಕೊಂಡ ನೀರು ಸಂದಿನಿಂದ ಇಳಿದು ಬೇಗಡೆಯನ್ನು ಕೆಡಿಸಿತು. ಹರಳಿನ ತಪ್ಪೇನೂ ಇಲ್ಲ. ಬಿಡಿಸಿ, ಬೇಗಡೆ ಬದಲಿಸಿ, ಮತ್ತೆ ಕೂರಿಸಿದರಾಯಿತು. ಇಂಥ ಒಡವೆಯನ್ನು ನೀರಿನಲ್ಲಿ ಮುಳುಗಿಸಲೇಬಾರದೆಂಬುದನ್ನು ಮಾತ್ರ ಅವರು ಎರಡು ಸಲ ಹೇಳಿದರು.

ಕಡೆಗೆ ಉಂಗುರ. ಭೂತಕನ್ನಡಿಯ ಕೆಳಗೆ ಅದನ್ನು ಅವರು ಬಹಳ ಹೊತ್ತು ನೋಡಿದರು. ಅನಂತರ ಕನ್ನಡಿಯನ್ನು ನನ್ನ ಕೈಗೇ ಕೊಟ್ಟರು. “ಅಂಚುಗಳನ್ನು ನೋಡಿ. ಇದು ಹೇಗೆ ಸವೆಯಿತು?” ಅಜ್ಜಿಯ ಒರಳು, ಬೂದಿ, ಮರಳುಗಳನ್ನು ವಿವರಿಸಿದೆ. “ಮರಳಿಗೆ ಏಳು, ಕೆಂಪಿಗೆ ಒಂಬತ್ತು. ಮರಳು ಕೆಂಪನ್ನು ಹೀಗೆ ತಿನ್ನಲಾರದು.” ಇಷ್ಟು ಹೇಳಿ ಸುಮ್ಮನಾದರು. ಆ ಮೌನದ ಅರ್ಥ ಹೊಳೆಯಲು ನನಗೆ ಒಂದು ಕ್ಷಣ ಹಿಡಿಯಿತು. ಬಳಿಕ ಪುಟ್ಟ ಯಂತ್ರದ ಮೇಲಿಟ್ಟು ನಿಶ್ಚಯ ಮಾಡಿದರು. ಕೆಂಪು ತನ್ನೊಳಗೆ ಬಂದ ಬೆಳಕಿನ ಕಿರಣವನ್ನು ಎರಡಾಗಿ ಒಡೆಯುತ್ತದೆ. ಈ ಹರಳು ಒಡೆಯಲಿಲ್ಲ. ಅದು ಗಾರ್ನೆಟ್. ಏಳು, ಏಳೂವರೆಯ ಕಲ್ಲು. ಮರಳಿಗೆ ಸಮೀಪದ ನೆಂಟ. ನಾಲ್ಕು ತಲೆಮಾರಿನವರು ಬರ್ಮಾ ಕೆಂಪೆಂದು ನಂಬಿದ್ದನ್ನು ಅದರ ಸವೆತವೇ ಸುಳ್ಳಾಗಿಸಿತ್ತು.

ನನ್ನ ಮುಖ ನೋಡಿ ಅವರು ಸಮಾಧಾನ ಹೇಳಿದರು. ಇಂಗ್ಲೆಂಡಿನ ರಾಜಕಿರೀಟದ ಮುಂಭಾಗದಲ್ಲಿ ‘ಕಪ್ಪು ರಾಜಕುಮಾರನ ಕೆಂಪು’ ಎಂದು ಹೆಸರಾದ ದೊಡ್ಡ ಹರಳೊಂದಿದೆ. ಅದೂ ಕೆಂಪಲ್ಲ, ಸ್ಪಿನೆಲ್ ಎಂಬ ಬೇರೆ ಕಲ್ಲು. ಹಿಂದೆ ಯಾರೋ ಪದಕವಾಗಿ ತೂಗುಹಾಕಲು ಅದಕ್ಕೆ ತೂತು ಕೊರೆದಿದ್ದರು. ಆ ತೂತನ್ನು ಮುಚ್ಚಿರುವುದು ಒಂದು ಪುಟ್ಟ ನಿಜವಾದ ಕೆಂಪು! ರಾಜರಿಗೇ ಈ ಗತಿಯಾದರೆ ನಮ್ಮ ಅಜ್ಜಿಯದೇನು?

ಮುಂದೇನು ಮಾಡಬಹುದೆಂದು ಅವರು ಹೇಳಿದ್ದು ನಾಲ್ಕು ದಾರಿ. ಹರಳನ್ನು ಕೊಂಚ ತಿರುಗಿಸಿ ಕೂರಿಸಿ ಮುಕ್ಕನ್ನು ಚಿನ್ನದ ಉಗುರಿನ ಕೆಳಗೆ ಮರೆಮಾಡುವುದು. ಮೇಲ್ಮುಖವನ್ನಷ್ಟೆ ನಯ ಮಾಡಿಸುವುದು. ಪೂರ್ತಿಯಾಗಿ ಹೊಸ ಸಾಣೆ ಹಿಡಿಸುವುದು, ಆಗ ಹರಳು ಚಿಕ್ಕದಾಗಿ ಹಳೆಯ ಮನೆಯಲ್ಲಿ ಕೂರದು, ಕಟ್ಟನ್ನೂ ಹೊಸದಾಗಿ ಮಾಡಿಸಬೇಕು. ಇಲ್ಲವೆ ಇದನ್ನು ತೆಗೆದು ನಿಜವಾದ ಕೆಂಪನ್ನೇ ಕೂರಿಸುವುದು. ಸಾಣೆಯೆಂದರೆ ಏನೆಂದು ನಾನು ಕೇಳಿದೆ. ನಮ್ಮ ಹಳೆಯ ಸಾಣೆಚಕ್ರ ಅರಗಿಗೆ ಕುರುಂದದ ಪುಡಿ ಬೆರೆಸಿ ಮಾಡಿದ್ದು. ಹಳೆಯ ಮೈಸೂರು ಸೀಮೆಯ ನೆಲದಲ್ಲಿಯೂ ದೊರೆಯುತ್ತಿದ್ದ ಒಡ್ಡೊಡ್ಡಾದ ಕಲ್ಲು ಅದು. ರಸಾಯನಶಾಸ್ತ್ರದ ದೃಷ್ಟಿಯಿಂದ ಕುರುಂದವೂ ಕೆಂಪೂ ಒಂದೇ ವಸ್ತು; ಒಂದು ಬಡವ, ಇನ್ನೊಂದು ಬಲ್ಲಿದ. ಬಡ ದಾಯಾದಿಯ ಪುಡಿಯಿಂದಲೇ ಬಲ್ಲಿದನ ಮೈ ಹೊಳಪೇರುತ್ತಿತ್ತು. ವಜ್ರಕ್ಕಾದರೆ ವಜ್ರದ ಪುಡಿಯೇ ಆಗಬೇಕು.

ಏನನ್ನೂ ತೀರ್ಮಾನಿಸದೆ ರೈಲು ಹತ್ತಿದೆ. ಎಷ್ಟು ಕಳೆದರೆ ಚೆಲುವು, ಎಷ್ಟು ಕಳೆದರೆ ನಷ್ಟ ಎಂಬ ಈ ಪ್ರಶ್ನೆಯನ್ನು ನನಗಿಂತ ದೊಡ್ಡವರು ನನಗಿಂತ ದೊಡ್ಡ ಹರಳುಗಳ ಮುಂದೆ ಎದುರಿಸಿದ್ದಾರೆಂಬುದು ದಾರಿಯುದ್ದಕ್ಕೂ ನೆನಪಾಗುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ವಿಜಾಪುರ, ಗೋಲ್ಕೊಂಡಗಳ ವಜ್ರದ ಗಣಿಗಳನ್ನು ಸುತ್ತಿ ನೋಡಿದ ಫ್ರಾನ್ಸಿನ ತವೆರ್ನಿಯೆ ನಮ್ಮ ಸಾಣೆಗಾರರ ಒಂದು ಪದ್ಧತಿಯನ್ನು ಗುರುತಿಸಿದ್ದಾನೆ: ಹರಳು ನಿರ್ದೋಷವಾಗಿದ್ದರೆ ಅವರು ಅದನ್ನು ಸಾಣೆಗೆ ಸುಮ್ಮನೆ ಸೋಕಿಸಿ ಬಿಡುತ್ತಿದ್ದರು, ಕಲೆಯೋ ಬಿರುಕೋ ಇದ್ದರೆ ಅದರ ಸುತ್ತ ಸಣ್ಣ ಸಣ್ಣ ಮುಖಗಳನ್ನು ಕಡೆದು ಮರೆಸುತ್ತಿದ್ದರು. ತೂಕ ಹೋಗಬಾರದು, ಅದು ಅವರ ಧರ್ಮ. ಈ ಧರ್ಮವನ್ನು ಮೀರಿದವನ ಕಥೆಯನ್ನೂ ಅವನೇ ಹೇಳುತ್ತಾನೆ. ಮೊಗಲರ ಭಂಡಾರದ, 787½ ಕ್ಯಾರೆಟ್ ತೂಗುತ್ತಿದ್ದ ಒಂದು ಒರಟು ವಜ್ರ ವೆನಿಸಿನ ಬೋರ್ಜಿಯೊ ಎಂಬವನ ಕೈಗೆ ಬಂತು. ಅವನು ದೋಷವನ್ನೆಲ್ಲ ತೇಯ್ದು ತೆಗೆಯುತ್ತ ಹೋಗಿ ಸುಮಾರು 280 ಕ್ಯಾರೆಟ್ಟಿಗೆ ಇಳಿಸಿದನು. ದೊರೆ ಅವನಿಗೆ ಕೂಲಿ ಕೊಡಲಿಲ್ಲ. ಹತ್ತು ಸಾವಿರ ರೂಪಾಯಿ ದಂಡ ಹಾಕಿದನು. ಅವನ ಬಳಿ ಇನ್ನೂ ಹೆಚ್ಚು ಹಣವಿದ್ದಿದ್ದರೆ ಅದನ್ನೂ ಬಿಡುತ್ತಿರಲಿಲ್ಲವಂತೆ.

ಪಂಜಾಬು 1849ರಲ್ಲಿ ಇಂಗ್ಲಿಷರ ವಶವಾದಾಗ ಲಾಹೋರಿನ ಭಂಡಾರದಿಂದ ಹೊರಟ ಎರಡು ಹರಳುಗಳ ಗತಿ ಇನ್ನೂ ವಿಚಾರಕ್ಕೆ ತಕ್ಕದ್ದು. ಒಂದು ಕೊಹಿನೂರು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನು ನೋಡಲು ನೂಕುನುಗ್ಗಲಾಗಿ ಬಂದ ಜನ, ಇದೇನು ಗಾಜಿನ ಚೂರಿನಂತಿದೆಯಲ್ಲ ಎಂದು ನಿರಾಶರಾದರು. ನಮ್ಮ ದೇಶದ ಸಾಣೆ ಅವರ ಕಣ್ಣಿಗೆ ಹಿಡಿಸಲಿಲ್ಲ. ಮರುವರ್ಷ ಆಮ್‌ಸ್ಟರ್‌ಡಾಮಿನಿಂದ ಸಾಣೆಗಾರರನ್ನು ಕರೆಸಿ, ಉಗಿಯಂತ್ರ ಹೂಡಿ, ವೆಲ್ಲಿಂಗ್ಟನ್ ಪ್ರಭುವಿನ ಕೈಯಿಂದ ಮೊದಲ ಮುಖಕ್ಕೆ ಆರಂಭ ಮಾಡಿಸಿ, ಮೂವತ್ತೆಂಟು ದಿನ ತೇಯಿಸಿದರು. ಇಂದಿನ ಕ್ಯಾರೆಟ್ಟಿನ ಲೆಕ್ಕದಲ್ಲಿ 191 ಇದ್ದದ್ದು 105.6 ಆಯಿತು, ನೂರಕ್ಕೆ ಹೆಚ್ಚುಕಡಿಮೆ ನಲವತ್ತೈದು ಪಾಲು ಪುಡಿಯಾಗಿ ಹೋಯಿತು. ಹೊಳಪೇನೋ ಬಂತು. ಬಾಬರನ ವಂಶದವರೂ ನಾದಿರ್ ಷಾನೂ ರಣಜಿತ್ ಸಿಂಹನೂ ಯಾವುದಕ್ಕಾಗಿ ಕೈಚಾಚಿದರೋ ಆ ಕೊಹಿನೂರನ್ನು ಮಾತ್ರ ಇನ್ನು ಯಾರೂ ನೋಡುವಂತಿಲ್ಲ. ಇನ್ನೊಂದು, ‘ತೈಮೂರನ ಕೆಂಪು’ ಎಂಬ ಹೆಸರಿನದು, ಇದೂ ಸ್ಪಿನೆಲ್ಲೇ. ಇದನ್ನು ಯಾರೂ ಸಾಣೆಗೆ ಕೊಡಲಿಲ್ಲ. ಮೊಗಲ್ ಬಾದಷಹರ ಹೆಸರುಗಳು, ಅದನ್ನು ಸೂರೆಗೊಂಡ ನಾದಿರ್ ಷಾನ ಬರಹ, ಎಲ್ಲವೂ ಅದರ ಮೈಮೇಲೆ ಕೊರೆದ ಅಕ್ಷರಗಳಲ್ಲಿ ಇಂದಿಗೂ ಇವೆ. ನಯಮಾಡಹೊರಟಿದ್ದರೆ ಮೊದಲು ಹೋಗುತ್ತಿದ್ದುದು ಆ ಅಕ್ಷರಗಳೇ.

ಇದು ಹಳೆಯ ಕಾಲದ ಅವಿವೇಕವೆನ್ನುವಂತಿಲ್ಲ. ಗೋಲ್ಕೊಂಡ ಸೀಮೆಯದೆಂದು ನಂಬಲಾದ, ಬವೇರಿಯಾದ ಅರಸರಲ್ಲಿದ್ದ ವಿಟೆಲ್ಸ್‌ಬಾಖ್ ನೀಲವಜ್ರವನ್ನು 2008ರಲ್ಲಿ ಲಂಡನ್ನಿನ ವ್ಯಾಪಾರಿ ಗ್ರಾಫ್ 164 ಲಕ್ಷ ಪೌಂಡಿಗೆ ಹರಾಜಿನಲ್ಲಿ ಕೊಂಡನು. ಅದರ ಅಂಚಿನಲ್ಲಿ ತಲೆಮಾರುಗಳ ಬಳಕೆಯಿಂದ ಆದ ಸಣ್ಣ ಮುಕ್ಕುಗಳಿದ್ದವು. ಅವನ್ನು ತೆಗೆಸಿದನು, 35.56 ಕ್ಯಾರೆಟ್ 31.06ಕ್ಕೆ ಇಳಿಯಿತು, ಬಣ್ಣ ಇನ್ನೂ ಗಾಢವಾಯಿತು, ಪರೀಕ್ಷಕರು ಹೆಚ್ಚಿನ ದರ್ಜೆ ಕೊಟ್ಟರು. ರೆಂಬ್ರಾಂಟನ ಚಿತ್ರದ ಮೇಲೆ ಹೊಸ ಬಣ್ಣ ಬಳಿದಂತಾಯಿತೆಂದು ವಸ್ತುಸಂಗ್ರಹಾಲಯದವರು ಕೋಪಗೊಂಡರು. ವ್ಯಾಪಾರಿಯ ಮಾತೂ ತೆಗೆದುಹಾಕುವಂಥದ್ದಲ್ಲ: ಮುಕ್ಕಿನಿಂದ ಬಿರುಕು ಬೆಳೆಯಬಹುದು, ತೊಡುವ ಹರಳು ಕಣ್ಣಿಗೆ ಒಪ್ಪಬೇಕು. ಬೆಳೆಯುವ ಬಿರುಕನ್ನು ತಡೆಯಲು ಕಳೆದದ್ದಕ್ಕೂ ದರ್ಜೆ ಏರಲೆಂದು ಕಳೆದದ್ದಕ್ಕೂ ವ್ಯತ್ಯಾಸವುಂಟೆಂಬುದು ನನ್ನ ಅಭಿಪ್ರಾಯ. ಮೊದಲನೆಯದಕ್ಕೆ ಕೋಪ ಸಲ್ಲದು.

ಮನೆಗೆ ಬಂದಾಗ ನನ್ನನ್ನು ಕಾಡುತ್ತಿದ್ದುದು ಸಾಣೆಯ ವಿಷಯಕ್ಕಿಂತ ಹೆಚ್ಚಾಗಿ ಗಾರ್ನೆಟ್ಟಿನ ವಿಷಯ. ಅಕ್ಕನನ್ನು ಹಿತ್ತಿಲಿಗೆ ಕರೆದು ಹೇಳಿದೆ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಅಮ್ಮನಿಗೆ ತಿಳಿಸಬೇಡ. ಸುಮ್ಮನೆ ಒಂದು ಒಳ್ಳೆಯ ಕೆಂಪನ್ನೇ ಕೂರಿಸಿಬಿಡು, ಖರ್ಚು ನನ್ನದು” ಎಂದಳು. ಹಾಗೆ ಮಾಡಬಹುದಿತ್ತು. ಎಂಬತ್ತು ದಾಟಿದವಳ ಕಣ್ಣಿಗೆ ವ್ಯತ್ಯಾಸ ತಿಳಿಯುತ್ತಲೂ ಇರಲಿಲ್ಲ. ಆದರೆ ಊಟಕ್ಕೆ ಕುಳಿತಾಗ ಅಮ್ಮ, “ಏನೆಂದರೋ ಬೆಂಗಳೂರಿನವರು?” ಎಂದು ನೇರವಾಗಿ ಕೇಳಿದಾಗ ಸುಳ್ಳು ಬಾಯಿಗೆ ಬರಲಿಲ್ಲ.

“ಕೆಂಪಲ್ಲ ಅಂದರೇ?” ಎಂದಳು ಅಮ್ಮ. “ಅದು ನಿಮ್ಮ ಅಜ್ಜಿಗೆ ಗೊತ್ತಿತ್ತು. ನಿಮ್ಮ ತಾತನಿಗೆ ವಿಷಮಜ್ವರ ಬಂದ ವರ್ಷ ಅಡವಿಡಲು ತೆಗೆದುಕೊಂಡು ಹೋಗಿದ್ದಳು. ಸಾಹುಕಾರರು ಕಲ್ಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಚಿನ್ನವನ್ನಷ್ಟೆ ತೂಗಿ, ಇಷ್ಟಕ್ಕೆ ಇಷ್ಟು ಎಂದರು. ವಾಪಸು ತಂದು ಬೆರಳಿಗೆ ಹಾಕಿಕೊಂಡಳು. ಅತ್ತೆಯವರು ಬದುಕಿದ್ದರು, ಅವರಿಗೆ ತಿಳಿಯಬಾರದು ಎಂದು ನನ್ನೊಬ್ಬಳಿಗೇ ಹೇಳಿದ್ದಳು.”

ಅಕ್ಕ ಬಡಿಸುತ್ತಿದ್ದ ಸೌಟನ್ನು ಹಿಡಿದು ಹಾಗೆಯೇ ನಿಂತಿದ್ದಳು.

“ಅದಿರಲಿ,” ಎಂದಳು ಅಮ್ಮ, “ಉಗುರು ಬಿಗಿ ಮಾಡಿಸಿದೆಯಾ?”

ಮಾಡಿಸಿರಲಿಲ್ಲ. ಮರುದಿನ ಆಚಾರ್ರಲ್ಲಿಗೆ ಹೋದೆ. ಅವರು ಅರ್ಧ ಗುಲಗಂಜಿ ಹೊಸ ಚಿನ್ನ ಕೂಡಿಸಿ ಎರಡು ಉಗುರುಗಳನ್ನು ಕಟ್ಟಿದರು. ಕೊಂಚ ತಿರುಗಿಸಿ ಕೂರಿಸಿದ್ದರಿಂದ ಮುಕ್ಕು ಒಂದರ ಕೆಳಗೆ ಅಡಗಿತು. ಕಿವಿಗೆ ಹಿಡಿದು ಅಲ್ಲಾಡಿಸಿ ನನಗೆ ಕೊಟ್ಟರು. ನಾನೂ ಅಲ್ಲಾಡಿಸಿ ನೋಡಿದೆ, ಸದ್ದಿರಲಿಲ್ಲ.